ಹೇಮಾವತಿಯ ಕವಲು, ರುದ್ರಪಟ್ಟಣದ ತಂಬೂರಿ: ಎರಡು ಗಣಿತಗಳ ಕಥೆ

ಆಷಾಢದ ಮಳೆ ಹಿಡಿಯಿತೆಂದರೆ ಸಕಲೇಶಪುರದ ಗುಡ್ಡಗಳಲ್ಲಿ ನೀರು ಹರಿಯದ ಜಾಗವೇ ಇರುವುದಿಲ್ಲ. ಕಾಫಿ ಗಿಡದ ಬುಡದಿಂದ ಕಿರುಬೆರಳಿನಷ್ಟು ನೀರು ಹೊರಟು ಪಕ್ಕದ ಎಳೆಯನ್ನು ಸೇರುತ್ತದೆ. ಎಳೆಗಳು ಕೂಡಿ ತೊರೆ, ತೊರೆಗಳು ಕೂಡಿ ಹಳ್ಳ, ಹಳ್ಳಗಳು ಕೂಡಿ ಹೊಳೆ. ಗೊರೂರಿನ ಹತ್ತಿರ ಯಗಚಿಯೂ ಬಂದು ಕೂಡಿಕೊಂಡ ಮೇಲೆ ಹೇಮಾವತಿ ಹೊಳೆನರಸೀಪುರದ ಬಳಿ ಕೆಂಪು ನೀರು ಹೊತ್ತು ಕಾವೇರಿಯ ಕಡೆಗೆ ಸಾಗುತ್ತಾಳೆ.

ಈ ನದಿಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿ. ಅದರ ಒಂದು ಮೂಲೆಯಲ್ಲಿರುವ ಹಳ್ಳವನ್ನು ಮಾತ್ರ ದೊಡ್ಡದಾಗಿ ಬರೆದು, ಎಷ್ಟು ಕಿಲೋಮೀಟರಿಗೆ ಎಷ್ಟು ಸೆಂಟಿಮೀಟರ್ ಎಂಬ ಅಳತೆಪಟ್ಟಿಯನ್ನು ಮುಚ್ಚಿಬಿಟ್ಟರೆ, ಅದು ಹಳ್ಳವೋ ಇಡೀ ನದಿಯೋ ಹೇಳುವುದು ಕಷ್ಟ. ತುಂಡಿನಲ್ಲಿಯೂ ಇಡಿಯ ರೂಪವೇ ಕಾಣುತ್ತದೆ.

ಇನ್ನು ಅರಕಲಗೂಡು ತಾಲ್ಲೂಕಿನ ಕಾವೇರಿ ದಡಕ್ಕೆ ಬನ್ನಿ. ಅಲ್ಲಿರುವ ರುದ್ರಪಟ್ಟಣ ತಲೆಮಾರುಗಳಿಂದ ಸಂಗೀತಗಾರರ ಊರು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲಿ, ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಮಂದಿರ ಎದ್ದು ನಿಂತಿರುವುದೂ ಇಲ್ಲಿ. ತಂಬೂರಿಯ ಒಂದೇ ತಂತಿಯನ್ನು ಮೀಟಿ ಕಿವಿಗೊಟ್ಟರೆ ಷಡ್ಜದ ಜೊತೆಗೆ ಪಂಚಮವೂ, ಅಂತರ ಗಾಂಧಾರವೂ ತೇಲಿಬರುತ್ತವೆ. ಒಂದು ನಾದದ ಒಳಗೆ ಹಲವು ನಾದಗಳಿವೆ.

ನದಿಯಲ್ಲಿ ಕಂಡದ್ದು ಫ್ರ್ಯಾಕ್ಟಲ್ ಜ್ಯಾಮಿತಿಗೆ ಬುನಾದಿ. ತಂತಿಯಲ್ಲಿ ಕೇಳಿದ್ದು ಹಾರ್ಮೋನಿಕ್ ಅನಾಲಿಸಿಸ್ ಎಂಬ ಗಣಿತಕ್ಕೆ ಬುನಾದಿ. ಮೊದಲನೆಯದು ಆಕಾರವನ್ನು ಅಳೆಯುತ್ತದೆ, ಎರಡನೆಯದು ಕಂಪನವನ್ನು ಬಿಡಿಸುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಈ ಎರಡನ್ನೂ ಒಟ್ಟಿಗೆ ಹಿಡಿದು ಜೀವಮಾನವಿಡೀ ಕೆಲಸ ಮಾಡುವ ಗಣಿತಜ್ಞರಿದ್ದಾರೆ. ಅವರು ಮಾಡುವುದೇನು, ಅದರಿಂದ ನಮಗೆ ಆಗುವುದೇನು ಎಂಬುದನ್ನು ಹಾಸನ ಜಿಲ್ಲೆಯ ನೆಲದ ಮೇಲೆ ನಿಂತೇ ತಿಳಿಯಬಹುದು.

ಕರಾವಳಿ ಎಷ್ಟು ಉದ್ದ?

ಶಾಲೆಯ ಜ್ಯಾಮಿತಿಯಲ್ಲಿ ಗೆರೆ, ವೃತ್ತ, ತ್ರಿಕೋನಗಳಿವೆ. ಬೆಟ್ಟದ ಅಂಚು, ಮೋಡದ ತುದಿ, ಮರದ ತೊಗಟೆ ಅಲ್ಲಿ ಇಲ್ಲ. ಇಂಥ ಒರಟು ಆಕಾರಗಳಿಗೆ ಗಣಿತದಲ್ಲಿ ಗಟ್ಟಿ ಜಾಗ ಕೊಡಿಸಿದವರು ಬೆನ್ವಾ ಮ್ಯಾಂಡೆಲ್‌ಬ್ರಾಟ್. 1924ರಲ್ಲಿ ವಾರ್ಸಾದಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಓದಿ, 1958ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಸೇರಿದವರು.

1967ರಲ್ಲಿ ಅವರು ಬ್ರಿಟನ್ನಿನ ಕರಾವಳಿ ಎಷ್ಟು ಉದ್ದವಿದೆ ಎಂದು ಕೇಳುವ ಲೇಖನವೊಂದನ್ನು ಪ್ರಕಟಿಸಿದರು. ಹವಾಮಾನ ವಿಜ್ಞಾನಿ ಲೂಯಿಸ್ ರಿಚರ್ಡ್‌ಸನ್ ಅದಕ್ಕೂ ಮೊದಲೇ ಗಮನಿಸಿದ್ದ ಸಂಗತಿ ಅದಕ್ಕೆ ಆಧಾರ. ನೂರು ಕಿಲೋಮೀಟರಿನ ಕೋಲಿನಿಂದ ಅಳೆದರೆ ಒಂದು ಉದ್ದ ಸಿಗುತ್ತದೆ. ಹತ್ತು ಕಿಲೋಮೀಟರಿನ ಕೋಲು ಹಿಡಿದರೆ, ಮೊದಲು ಬಿಟ್ಟುಹೋದ ಕೊಲ್ಲಿಗಳೂ ಚಾಚುಗಳೂ ಲೆಕ್ಕಕ್ಕೆ ಬಂದು ಉದ್ದ ಹೆಚ್ಚುತ್ತದೆ. ಕೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ಉದ್ದವನ್ನು ಕೇಳಿ ಪ್ರಯೋಜನವಿಲ್ಲ. ಅದು ಯಾವ ವೇಗದಲ್ಲಿ ಬೆಳೆಯುತ್ತದೆ ಎಂದು ಕೇಳಬೇಕು. ಆ ವೇಗದಿಂದ ಬ್ರಿಟನ್ನಿನ ಪಶ್ಚಿಮ ಕರಾವಳಿಗೆ ಲೆಕ್ಕ ಹಾಕಿದಾಗ ಬಂದ ಅಂಕಿ ಸುಮಾರು 1.25. ಇದೇ ಆ ಕರಾವಳಿಯ ಆಯಾಮ. ಒಂದಕ್ಕಿಂತ ಹೆಚ್ಚು, ಎರಡಕ್ಕಿಂತ ಕಡಿಮೆ.

ಇಂಥ ಆಕಾರಗಳಿಗೆ ಮ್ಯಾಂಡೆಲ್‌ಬ್ರಾಟ್ 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ಆದರೆ ಆಯಾಮ ಪೂರ್ಣಾಂಕವೇ ಆಗಬೇಕಿಲ್ಲ ಎಂಬ ಕಲ್ಪನೆಯನ್ನು 1918ರಲ್ಲೇ ಕಟ್ಟಿಕೊಟ್ಟವರು ಜರ್ಮನಿಯ ಫೆಲಿಕ್ಸ್ ಹೌಸ್‌ಡಾರ್ಫ್. ಯಹೂದಿಯಾಗಿದ್ದ ಅವರು ನಾಜಿಗಳ ಶಿಬಿರಕ್ಕೆ ಹೋಗುವ ಬದಲು 1942ರ ಜನವರಿಯಲ್ಲಿ ಪತ್ನಿಯೊಡನೆ ಪ್ರಾಣ ಬಿಟ್ಟರು. ಇಂದು ಫ್ರ್ಯಾಕ್ಟಲ್ ಸಂಶೋಧಕರು ದಿನನಿತ್ಯ ಬಳಸುವ ಅಳತೆಗೆ ಅವರ ಹೆಸರೇ ಇದೆ.

ಶ್ರವಣಬೆಳಗೊಳದ ಅರ್ಧಚ್ಛೇದ

ಪೂರ್ಣಾಂಕವಲ್ಲದ ಆಯಾಮ ಎಂದರೆ ಏನು? ಇದನ್ನು ತಿಳಿಯಲು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ನೆರವು ಪಡೆಯಬಹುದು.

ಗೊಮ್ಮಟ ಮೂರ್ತಿಯನ್ನು ಕಡೆಸಿದ ಗಂಗರ ಮಂತ್ರಿ ಚಾವುಂಡರಾಯನ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಎಂಬ ಜೈನ ಆಚಾರ್ಯರಿದ್ದರು. ಚಾವುಂಡರಾಯನಿಗೆ ಗುರುವಾಗಿದ್ದ ಅವರು ಬರೆದ ತ್ರಿಲೋಕಸಾರದಲ್ಲಿ ಹದಿನಾಲ್ಕು ಬಗೆಯ ಸಂಖ್ಯಾಧಾರೆಗಳ, ಅಂದರೆ ಶ್ರೇಣಿಗಳ, ವಿವರಣೆಯಿದೆ. ಅದಕ್ಕೂ ಹಿಂದೆ, ಒಂಬತ್ತನೆಯ ಶತಮಾನದ ಆರಂಭದಲ್ಲಿ ವೀರಸೇನಾಚಾರ್ಯರು ಬರೆದ ಧವಳಾ ಟೀಕೆಯಲ್ಲೂ ಇಂಥ ಗಣಿತ ತುಂಬಿದೆ. ಆ ಟೀಕೆ ನಮಗೆ ಉಳಿದು ಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿದ, ಹಳಗನ್ನಡ ಲಿಪಿಯ ತಾಳೆಗರಿಗಳಿಂದ.

ಈ ಆಚಾರ್ಯರು ಬಳಸಿದ ಒಂದು ಸಾಧನ ಅರ್ಧಚ್ಛೇದ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತದೆ ಎಂಬ ಎಣಿಕೆ ಅದು. ಎರಡರ ಅರ್ಧಚ್ಛೇದ 1, ನಾಲ್ಕರದು 2, ಎಂಟರದು 3. ಇಂದಿನ ಮಾತಿನಲ್ಲಿ ಇದು ಎರಡನ್ನು ಆಧಾರವಾಗಿಟ್ಟ ಲಾಗರಿದಮ್.

ಈಗ ಗೆರೆಯೊಂದನ್ನು ಎರಡು ಪಟ್ಟು ಹಿಗ್ಗಿಸಿ. ಹಳೆಯ ಗೆರೆಯಂಥವು ಎರಡು ಸಿಗುತ್ತವೆ. ಚೌಕವನ್ನು ಎರಡು ಪಟ್ಟು ಹಿಗ್ಗಿಸಿದರೆ ನಾಲ್ಕು ಚೌಕಗಳು, ಘನವನ್ನು ಹಿಗ್ಗಿಸಿದರೆ ಎಂಟು ಘನಗಳು. ಎರಡು, ನಾಲ್ಕು, ಎಂಟು ಎಂಬ ಈ ಎಣಿಕೆಗಳ ಅರ್ಧಚ್ಛೇದ ತೆಗೆಯಿರಿ: 1, 2, 3. ಗೆರೆಗೆ ಒಂದು ಆಯಾಮ, ಚೌಕಕ್ಕೆ ಎರಡು, ಘನಕ್ಕೆ ಮೂರು. ನಾವು ಶಾಲೆಯಲ್ಲಿ ಕಲಿತ ಆಯಾಮವೇ ಹೊರಬಂತು.

ಪೋಲೆಂಡಿನ ಸಿಯರ್‌ಪಿನ್‌ಸ್ಕಿ 1915ರಲ್ಲಿ ವಿವರಿಸಿದ ತ್ರಿಕೋನವನ್ನು ತೆಗೆದುಕೊಳ್ಳಿ. ತ್ರಿಕೋನದ ನಡುವಿನಿಂದ ತಲೆಕೆಳಗಾದ ತ್ರಿಕೋನವೊಂದನ್ನು ಕತ್ತರಿಸಿ ತೆಗೆಯುವುದು, ಉಳಿದ ಮೂರರಲ್ಲೂ ಹಾಗೆಯೇ ಮಾಡುವುದು, ಮುಗಿಯದಂತೆ ಮುಂದುವರಿಸುವುದು. ಇದನ್ನು ಎರಡು ಪಟ್ಟು ಹಿಗ್ಗಿಸಿದರೆ ಹಳೆಯದರಂಥವು ಮೂರು ಸಿಗುತ್ತವೆ. ಮೂರನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಾಗುತ್ತದೆ? ಒಂದು ಸಲ ಸಾಲದು, ಎರಡು ಸಲ ಹೆಚ್ಚಾಯಿತು. ಲಾಗರಿದಮ್ ಕೊಡುವ ಉತ್ತರ ಸುಮಾರು 1.585. ಅದೇ ಆ ತ್ರಿಕೋನದ ಆಯಾಮ.

ನೇಮಿಚಂದ್ರರಿಗೆ ಫ್ರ್ಯಾಕ್ಟಲ್ ಗೊತ್ತಿತ್ತು ಎಂದು ಹೇಳುವುದು ತಪ್ಪಾಗುತ್ತದೆ. ಅವರ ಉದ್ದೇಶ ಜೈನ ಲೋಕವಿಜ್ಞಾನದ ಅಪಾರ ಸಂಖ್ಯೆಗಳನ್ನು ಹಿಡಿತಕ್ಕೆ ತರುವುದು. ಆದರೆ ದೊಡ್ಡದನ್ನು ಮತ್ತೆ ಮತ್ತೆ ಅರ್ಧಿಸಿ ಅಳೆಯಬಹುದು ಎಂಬ ದಾರಿ ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ಪಾಠವಾಗಿತ್ತು ಎಂಬುದು ನಿಜ. ನಮ್ಮ ಪಠ್ಯಪುಸ್ತಕಗಳಲ್ಲಿ ಲಾಗರಿದಮ್ ಪಾಠದ ಪಕ್ಕದಲ್ಲಿ ಅರ್ಧಚ್ಛೇದದ ಹೆಸರು ಇರಬೇಕು.

ಹೊಯ್ಸಳರ ಗೋಡೆಯಲ್ಲಿ

ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯ ಅರೆಗಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ದೊಡ್ಡ ಶಿಖರದ ಕೆಳಗೆ ಅದರದೇ ಚಿಕ್ಕ ರೂಪಗಳು. ಹಿಂದೂ ದೇವಾಲಯಗಳ ಈ ಗುಣವನ್ನು ಫ್ರ್ಯಾಕ್ಟಲ್ ದೃಷ್ಟಿಯಿಂದ ನೋಡಿದ ಅಧ್ಯಯನಗಳು 1980ರ ದಶಕದ ಕೊನೆಯಿಂದ ಬಂದಿವೆ.

ಇಲ್ಲೂ ಎಚ್ಚರ ಬೇಕು. ಶಿಲ್ಪಿಯ ಉಳಿ ಎರಡು ಮೂರು ಹಂತಗಳಲ್ಲಿ ನಿಲ್ಲುತ್ತದೆ; ಗಣಿತದ ಫ್ರ್ಯಾಕ್ಟಲ್ ಎಲ್ಲೂ ನಿಲ್ಲುವುದಿಲ್ಲ. ಶಿಲ್ಪಿಗೆ ಇದು ಶಾಸ್ತ್ರ ಮತ್ತು ಸೌಂದರ್ಯದ ವಿಷಯವಾಗಿತ್ತು. ಆದರೂ ಒಂದೇ ರೂಪವನ್ನು ಬೇರೆ ಬೇರೆ ಅಳತೆಯಲ್ಲಿ ಮರುಕಳಿಸುವ ಕಲ್ಪನೆಯನ್ನು ಮಕ್ಕಳಿಗೆ ಕೈಯಿಂದ ಮುಟ್ಟಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ತಂತಿಯೊಳಗಿನ ಸ್ವರಗಳು

ಈಗ ಎರಡನೆಯ ಗಣಿತ. ಫ್ರಾನ್ಸಿನ ಜೋಸೆಫ್ ಫೋರಿಯೆ ಲೋಹದ ಸರಳಿನಲ್ಲಿ ಶಾಖ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕಲು ಹೊರಟರು. ಎಂಥ ಏರಿಳಿತವನ್ನಾದರೂ ಸರಳವಾದ ಅಲೆಗಳ ಮೊತ್ತವಾಗಿ ಬರೆಯಬಹುದು ಎಂದು 1807ರಲ್ಲಿ ಅವರು ಮಂಡಿಸಿದಾಗ ಅಂದಿನ ಘಟಾನುಘಟಿ ಗಣಿತಜ್ಞರು ಒಪ್ಪಲಿಲ್ಲ. ಗ್ರಂಥ ಹೊರಬಂದದ್ದು 1822ರಲ್ಲಿ. ಅವರ ಮಾತು ಎಲ್ಲಿ ಸರಿ, ಎಲ್ಲಿ ಸರಿಯಲ್ಲ ಎಂದು ತೀರ್ಮಾನಿಸುವ ಕೆಲಸದಿಂದಲೇ ಹಾರ್ಮೋನಿಕ್ ಅನಾಲಿಸಿಸ್ ಬೆಳೆಯಿತು.

ತಂಬೂರಿಯ ತಂತಿ ಇಡಿಯಾಗಿ ಕಂಪಿಸುತ್ತಿರುವಾಗಲೇ ಎರಡು ಭಾಗವಾಗಿ, ಮೂರು ಭಾಗವಾಗಿ, ಐದು ಭಾಗವಾಗಿಯೂ ಕಂಪಿಸುತ್ತದೆ. ಮೂರು ಭಾಗದ ಕಂಪನವೇ ನಮಗೆ ಕೇಳುವ ಪಂಚಮ, ಐದರದು ಅಂತರ ಗಾಂಧಾರ; ಇಂಥವೇ ಉಪಸ್ವರಗಳು. ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಬಗ್ಗೆ ಬರೆದ ಟಿಪ್ಪಣಿಯಲ್ಲಿ ಒಂದು ವಿಶೇಷ ತೋರಿಸಿದರು. ಮೀಟಿದ ಜಾಗಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಕಾಣೆಯಾಗಬೇಕೆಂಬುದು ಯುರೋಪಿನಲ್ಲಿ ಪ್ರಸಿದ್ಧವಾದ ನಿಯಮ. ತಂಬೂರಿಯ ಬಾಗಿದ ಕುದುರೆ ಮತ್ತು ಅದರ ಮೇಲಿಡುವ ನೂಲಿನ ಎಳೆಯಿಂದಾಗಿ ಆ ನಿಯಮ ಇಲ್ಲಿ ನಡೆಯುವುದಿಲ್ಲ. ಕಾಣೆಯಾಗಬೇಕಿದ್ದ ಉಪಸ್ವರಗಳೂ ಮೊಳಗುತ್ತವೆ.

ಈ ಗಣಿತ ಸಂಗೀತಕ್ಕಷ್ಟೇ ಸೀಮಿತವಲ್ಲ. ಹಾಸನದ ಹೊರವಲಯದಲ್ಲಿ 1982ರಿಂದ ಕೆಲಸ ಮಾಡುತ್ತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿದುಬರುವ ಕ್ಷೀಣ ಸಂಕೇತವನ್ನು ಗದ್ದಲದಿಂದ ಬೇರ್ಪಡಿಸುವ ವಿದ್ಯೆಯ ತಳದಲ್ಲಿರುವುದೂ ಫೋರಿಯೆಯ ಗಣಿತವೇ. ಬೇಡದ ಆವೃತ್ತಿಗಳನ್ನು ಬಿಟ್ಟು ಬೇಕಾದವನ್ನು ಹಿಡಿಯುವುದು.

ಮೊಬೈಲಿನ ಚಿತ್ರದಲ್ಲಿ ಬೆಂಗಳೂರಿನ ಹೆಸರು

ಈ ವಿದ್ಯೆಯಲ್ಲಿ ಕರ್ನಾಟಕದವರೊಬ್ಬರ ಕೆಲಸ ಇಂದು ಪ್ರತಿ ಮನೆಯಲ್ಲೂ ಇದೆ. ನಾಸಿರ್ ಅಹಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಈಗಿನ ಯುವಿಸಿಇಯಲ್ಲಿ, 1961ರಲ್ಲಿ ಪದವಿ ಮುಗಿಸಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ ಪಡೆದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರವನ್ನು ಕೊಸೈನ್ ಅಲೆಗಳಾಗಿ ಬಿಡಿಸಿ ಕಿರಿದಾಗಿಸುವ ಯೋಜನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ಕೇಳಿದರು. ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂಬರ್ಥದ ಅಭಿಪ್ರಾಯವೂ ಬಂದಿತ್ತೆಂದು ಅವರೇ ಬರೆದಿದ್ದಾರೆ.

ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನವನ್ನು ಪ್ರಕಟಿಸಿದರು. ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ 64 ಅಲೆವಿನ್ಯಾಸಗಳ ಮೊತ್ತವಾಗಿ ಬರೆದು, ಕಣ್ಣಿಗೆ ಗೊತ್ತಾಗದ ಸೂಕ್ಷ್ಮ ಅಲೆಗಳನ್ನು ಕೈಬಿಡುವುದು ಜೆಪೆಗ್ ಚಿತ್ರದ ಗುಟ್ಟು. ನೀವು ಬೇಲೂರಿನಲ್ಲಿ ತೆಗೆದ ಫೋಟೊ ವಾಟ್ಸ್ಆ್ಯಪಿನಲ್ಲಿ ಕ್ಷಣದಲ್ಲಿ ಮಗಳ ಮೊಬೈಲಿಗೆ ತಲುಪುವುದು ಇದರಿಂದ.

ಅದೇ ಕೆಲಸಕ್ಕೆ ಫ್ರ್ಯಾಕ್ಟಲ್ ಕೂಡ ಪೈಪೋಟಿಗಿಳಿದಿತ್ತು. ಚಿತ್ರದ ಒಂದು ಭಾಗ ಇನ್ನೊಂದು ಭಾಗದ ಕಿರುರೂಪವಾಗಿದ್ದರೆ ಆ ಸಂಬಂಧವನ್ನಷ್ಟೇ ಬರೆದಿಟ್ಟರೆ ಸಾಕು ಎಂಬುದು ಮೈಕೆಲ್ ಬಾರ್ನ್‌ಸ್ಲಿ 1980ರ ದಶಕದಲ್ಲಿ ಬೆಳೆಸಿದ ವಿಧಾನ. ಮೈಕ್ರೊಸಾಫ್ಟಿನ ಎನ್‌ಕಾರ್ಟಾ ವಿಶ್ವಕೋಶದ ಚಿತ್ರಗಳಲ್ಲಿ ಅದು ಬಳಕೆಯಾಯಿತು. ಆದರೆ ಆ ಸಂಬಂಧಗಳನ್ನು ಹುಡುಕಲು ಕಂಪ್ಯೂಟರಿಗೆ ಬಹಳ ಹೊತ್ತು ಬೇಕಿತ್ತು. ಗೆದ್ದದ್ದು ಕೊಸೈನ್.

ಎರಡೂ ಕೂಡುವ ಜಾಗ

ಶುದ್ಧ ಗಣಿತದಲ್ಲಿ ಈ ಎರಡು ವಿದ್ಯೆಗಳು ಎದುರಾಳಿಗಳಲ್ಲ. ಒಂದರ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡುತ್ತದೆ.

ಗೆರೆಯೊಂದರ ನಡುವಿನ ಮೂರನೇ ಒಂದು ಭಾಗ ತೆಗೆಯಿರಿ. ಉಳಿದ ಎರಡು ತುಂಡುಗಳಲ್ಲೂ ನಡುಭಾಗ ತೆಗೆಯಿರಿ. ಹೀಗೆ ಕೊನೆಯಿಲ್ಲದೆ ಮಾಡಿದರೆ ಉಳಿಯುವ ಧೂಳಿಗೆ ಕ್ಯಾಂಟರ್ ಗಣ ಎಂದು ಹೆಸರು. ಅದರ ಉದ್ದ ಸೊನ್ನೆ, ಆಯಾಮ ಸುಮಾರು 0.63. ಇದನ್ನು ಫೋರಿಯೆಯ ವಿಧಾನದಲ್ಲಿ ಬಿಡಿಸಿದರೆ ಸೋಜಿಗ ಕಾಣುತ್ತದೆ. ಆವೃತ್ತಿ ಏರಿದಂತೆ ಅಲೆಗಳ ಬಲ ಕುಗ್ಗುತ್ತಾ ಹೋಗಬೇಕೆಂದು ನಾವು ನಿರೀಕ್ಷಿಸುತ್ತೇವೆ. ಇಲ್ಲಿ 3, 9, 27, 81 ಎಂಬ ಆವೃತ್ತಿಗಳಲ್ಲಿ ಅದು ಕುಗ್ಗುವುದೇ ಇಲ್ಲ. ಮೂರರ ಕ್ರಮದಲ್ಲಿ ಕತ್ತರಿಸಿದ ಗುರುತು ಎಷ್ಟೇ ಒಳಕ್ಕೆ ಹೋದರೂ ಮೊಳಗುತ್ತದೆ. ಅಷ್ಟೇ ಆಯಾಮದ ಧೂಳನ್ನು ಯಾದೃಚ್ಛಿಕವಾಗಿ ಕತ್ತರಿಸಿ ಮಾಡಿದರೆ ಬಲ ಕುಗ್ಗುತ್ತದೆ. ಆಯಾಮ ಒಂದೇ ಆದರೂ ಒಳಗಿನ ಕ್ರಮ ಬೇರೆ ಎಂದು ಪತ್ತೆ ಹಚ್ಚುವುದು ಹಾರ್ಮೋನಿಕ್ ಅನಾಲಿಸಿಸ್.

ಈ ಜಾಗದಲ್ಲಿ ಹೆಸರು ಮಾಡಿದ ಭಾರತೀಯರಲ್ಲಿ ಮಾಲಬಿಕಾ ಪ್ರಮಾಣಿಕ್ ಒಬ್ಬರು. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಓದಿ, ಬರ್ಕ್ಲಿಯಲ್ಲಿ ಪಿಎಚ್.ಡಿ ಮಾಡಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. ಇಜಬೆಲ್ಲಾ ವಾಬಾ ಜೊತೆಗೆ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ತೋರಿಸಿದ್ದು ಇದು: ಆಯಾಮ ಒಂದಕ್ಕೆ ಸಾಕಷ್ಟು ಹತ್ತಿರವಿದ್ದು, ಅಲೆಗಳ ಬಲ ತಕ್ಕ ರೀತಿಯಲ್ಲಿ ಕುಗ್ಗುವಂತಿದ್ದರೆ, ಸೊನ್ನೆ ಉದ್ದದ ಧೂಳಿನಲ್ಲೂ ಸಮಾನ ಅಂತರದ ಮೂರು ಬಿಂದುಗಳು ಸಿಕ್ಕೇ ಸಿಗುತ್ತವೆ.

ಇನ್ನೊಂದು ಪ್ರಶ್ನೆ ಜಪಾನಿನ ಕಾಕೆಯಾ 1917ರಲ್ಲಿ ಎತ್ತಿದ್ದು. ಸೂಜಿಯೊಂದನ್ನು ಪೂರ್ತಿ ಒಂದು ಸುತ್ತು ತಿರುಗಿಸಲು ಕನಿಷ್ಠ ಎಷ್ಟು ಜಾಗ ಬೇಕು? ಜಾಣತನದಿಂದ ಹಿಂದೆ ಮುಂದೆ ಸರಿಸುತ್ತಾ ತಿರುಗಿಸಿದರೆ ಎಷ್ಟು ಚಿಕ್ಕ ಜಾಗವಾದರೂ ಸಾಕು ಎಂಬುದು ಬೆಸಿಕೊವಿಚ್ ಅವರ ಕೆಲಸದಿಂದ ಹೊರಬಂತು. ಹಾಗಾದರೆ ಎಲ್ಲ ದಿಕ್ಕಿನ ಸೂಜಿಗಳೂ ಇರುವ ಆಕಾರದ ಆಯಾಮ ಎಷ್ಟಿರಬೇಕು? ಕಾಗದದ ಮೇಲಿನ ಆಕಾರಗಳಿಗೆ ಎರಡು ಎಂಬ ಉತ್ತರ 1971ರಲ್ಲಿ ಸಿಕ್ಕಿತು. ನಾವು ಬದುಕುವ ಮೂರು ಆಯಾಮದ ಜಾಗದಲ್ಲಿ ಅದು ಮೂರೇ ಆಗಬೇಕೆಂಬ ಸಾಧನೆಯನ್ನು ಹಾಂಗ್ ವಾಂಗ್ ಮತ್ತು ಜೋಶುವಾ ಜಾಲ್ 2025ರ ಫೆಬ್ರುವರಿಯಲ್ಲಿ ಮುಂದಿಟ್ಟರು. ಅಲೆಗಳು ಒಂದೆಡೆ ಎಷ್ಟು ದಟ್ಟೈಸಬಲ್ಲವು ಎಂಬ ಹಾರ್ಮೋನಿಕ್ ಅನಾಲಿಸಿಸ್‌ನ ದೊಡ್ಡ ಪ್ರಶ್ನೆಗಳು ಇದೇ ಸೂಜಿಗೆ ಪೋಣಿಸಿಕೊಂಡಿವೆ.

ಅಣೆಕಟ್ಟೆಯ ಲೆಕ್ಕ

ಇದೆಲ್ಲ ನೆಲಕ್ಕೆ ಇಳಿಯುವುದು ಎಲ್ಲಿ? ನೈಲ್ ನದಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಬ್ರಿಟಿಷ್ ಜಲತಜ್ಞ ಹೆರಾಲ್ಡ್ ಹರ್ಸ್ಟ್ ಅವರ ಮುಂದಿದ್ದ ಪ್ರಶ್ನೆ ಜಲಾಶಯ ಎಷ್ಟು ದೊಡ್ಡದಿರಬೇಕು ಎಂಬುದು. ಕೈರೊ ಬಳಿಯ ಅಳತೆಗಂಬದಲ್ಲಿ 622ನೇ ಇಸವಿಯಿಂದ ನೀರಿನ ಮಟ್ಟ ಬರೆದಿಟ್ಟ ದಾಖಲೆಗಳಿದ್ದವು. ಒಂದು ವರ್ಷದ ನೀರಿಗೂ ಮುಂದಿನ ವರ್ಷದ ನೀರಿಗೂ ಸಂಬಂಧವೇ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ 0.5 ಎಂಬ ಘಾತಾಂಕ ಬರಬೇಕಿತ್ತು. ಬಂದದ್ದು 0.7ಕ್ಕಿಂತ ತುಸು ಹೆಚ್ಚು. 1951ರಲ್ಲಿ ಅದನ್ನು ಪ್ರಕಟಿಸಿದರು.

ಅರ್ಥ ಇಷ್ಟೇ: ತುಂಬಿದ ವರ್ಷಗಳು ಗುಂಪಾಗಿ ಬರುತ್ತವೆ, ಬರಗಾಲದ ವರ್ಷಗಳೂ ಗುಂಪಾಗಿ ಬರುತ್ತವೆ. ಸರಾಸರಿಯನ್ನು ನಂಬಿ ಕಟ್ಟಿದ ಜಲಾಶಯ ಸಾಲದೇ ಹೋಗಬಹುದು. ನದಿಯ ಈ ನೆನಪು ಕಾಲದಲ್ಲಿ ಹರಡಿದ, ತಾವೇ ಮುಂದೆ ಫ್ರ್ಯಾಕ್ಟಲ್ ಎಂದು ಕರೆದ ಬಗೆಯ ರೂಪ ಎಂದು 1960ರ ದಶಕದಲ್ಲಿ ವಿವರಿಸಿದವರು ಮ್ಯಾಂಡೆಲ್‌ಬ್ರಾಟ್. ಅಲೆಗಳಾಗಿ ಬಿಡಿಸಿದರೆ ನಿಧಾನ ಆವೃತ್ತಿಗಳ ಪಾಲು ಅಲ್ಲಿ ದೊಡ್ಡದು. ಒಂದೇ ಸತ್ಯಕ್ಕೆ ಎರಡು ಗಣಿತಗಳ ಸಾಕ್ಷಿ.

ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ಸಾಮರ್ಥ್ಯ 37 ಟಿಎಂಸಿ ಅಡಿಯಷ್ಟು. ಅದನ್ನು ನೆಚ್ಚಿದ ರೈತರಿಗೆ ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಸಾಲುಸಾಲಾಗಿ ಬರಬಹುದೆಂಬುದು ಅನುಭವದಿಂದ ಗೊತ್ತು. ಆ ಅನುಭವಕ್ಕೆ ಅಂಕಿ ಕೊಟ್ಟು, ನೀರು ಹಂಚುವವರ ಮೇಜಿನ ಮೇಲೆ ಇಡಬಲ್ಲದ್ದು ಈ ಗಣಿತ.

ಸಂಶೋಧಕರ ಬದುಕು

ಇಂಥ ಗಣಿತಜ್ಞರಿಗೆ ಪ್ರಯೋಗಾಲಯ ಬೇಕಿಲ್ಲ. ಕಪ್ಪುಹಲಗೆ, ಸೀಮೆಸುಣ್ಣ, ಕಾಗದ, ಗ್ರಂಥಾಲಯ ಮತ್ತು ತಾಳ್ಮೆ ಸಾಕು. ಒಂದು ಪ್ರಶ್ನೆಗೆ ವರ್ಷಗಟ್ಟಲೆ ಅಂಟಿಕೊಂಡು ಕೂರುವುದು, ಸಿಕ್ಕ ಅರ್ಧ ಉತ್ತರವನ್ನು ಬೇರೆ ಊರಿನ ಗೆಳೆಯರ ಮುಂದಿಡುವುದು, ವಿದ್ಯಾರ್ಥಿಗಳಿಗೆ ಪಾಠ ಹೇಳುವುದು, ಅವರ ಪ್ರಶ್ನೆಗಳಿಂದ ತಾವೂ ಕಲಿಯುವುದು. ಬದುಕು ಸರಳ, ಕೆಲಸ ಕಠಿಣ.

ಹಾರ್ಮೋನಿಕ್ ಅನಾಲಿಸಿಸ್‌ಗೆ ಬೆಂಗಳೂರು ದೇಶದ ಒಂದು ಮುಖ್ಯ ನೆಲೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿದ್ದ ಅಲ್ಲಾಡಿ ಸೀತಾರಾಮ್ ಅವರು ಜೆರಾಲ್ಡ್ ಫಾಲಂಡ್ ಜೊತೆಗೆ 1997ರಲ್ಲಿ ಬರೆದ ಅನಿಶ್ಚಿತತಾ ತತ್ತ್ವದ ಸಮೀಕ್ಷೆಯನ್ನು ಈಗಲೂ ಜಗತ್ತಿನೆಲ್ಲೆಡೆ ಓದುತ್ತಾರೆ. ಒಂದು ಸದ್ದು ಎಷ್ಟು ಕಡಿಮೆ ಕಾಲದಲ್ಲಿ ಮುಗಿಯುತ್ತದೋ ಅದರ ಆವೃತ್ತಿಗಳು ಅಷ್ಟು ಅಗಲಕ್ಕೆ ಹರಡಲೇಬೇಕು ಎಂಬುದು ಆ ತತ್ತ್ವದ ಸಾರ. ಪ್ರಿನ್ಸ್‌ಟನ್ನಿನಲ್ಲಿ ಇಲಯಾಸ್ ಸ್ಟೈನ್ ಅವರ ಬಳಿ ಪಿಎಚ್.ಡಿ ಮಾಡಿದ ಎಸ್. ತಂಗವೇಲು ಬೆಂಗಳೂರಿನಲ್ಲೇ ನೆಲೆಸಿ, 2002ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಲವು ಯುವ ಸಂಶೋಧಕರನ್ನು ಬೆಳೆಸಿದರು.

ಹಾಸನದಿಂದ ಈ ಸಂಸ್ಥೆಗಳಿಗೆ ಅರ್ಧ ದಿನದ ದಾರಿಯೂ ಇಲ್ಲ. ಆದರೆ ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಬಿ.ಎಸ್ಸಿ ಓದುವ ಹುಡುಗಿಗೆ, ಗಣಿತದಲ್ಲಿ ನೂರಕ್ಕೆ ನೂರು ಬಂದರೂ, ಯಾರೂ ಈ ದಾರಿಯನ್ನು ಹೇಳುವುದಿಲ್ಲ. ಬಿ.ಎಡ್ ಮಾಡು, ಬ್ಯಾಂಕ್ ಪರೀಕ್ಷೆ ಬರೆ ಎನ್ನುತ್ತಾರೆ. ಅವೂ ಮರ್ಯಾದೆಯ ಕೆಲಸಗಳೇ. ಆದರೆ ಮೂರನೆಯ ದಾರಿ ಇದೆ ಎಂಬುದು ಅವಳಿಗೆ ತಿಳಿಯಬೇಕು.

ಆದ್ದರಿಂದ ಹಾಸನ ಜಿಲ್ಲೆಯ ಅಧ್ಯಾಪಕರಲ್ಲೂ ಪೋಷಕರಲ್ಲೂ ಒಂದು ಮನವಿ. ನಿಮ್ಮ ಕಾಲೇಜಿನಲ್ಲಿ ಗಣಿತವನ್ನು ಪ್ರೀತಿಸುವ ಒಬ್ಬ ವಿದ್ಯಾರ್ಥಿ ಇದ್ದರೂ ಅವರಿಗೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಗಣಿತದ ಬೇಸಿಗೆ ಶಿಬಿರದ ಬಗ್ಗೆ ಹೇಳಿ. ಪದವಿ ವಿದ್ಯಾರ್ಥಿಗಳಿಗಾಗಿ ಇರುವ ಮಾಧವ ಗಣಿತ ಸ್ಪರ್ಧೆಗೆ ಹೆಸರು ಕೊಡಿಸಿ. ಎಂ.ಎಸ್ಸಿ ಪ್ರವೇಶಕ್ಕೆ ಜ್ಯಾಮ್ ಎಂಬ ಪರೀಕ್ಷೆ ಬರೆಸಿ. ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ವಿದ್ಯಾರ್ಥಿವೇತನ ಕೊಡುತ್ತದೆ ಎಂಬುದನ್ನು ತಿಳಿಸಿ. ಪಿಯುಸಿಯಲ್ಲಿರುವ ಮಕ್ಕಳಿಗೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಕೋರ್ಸ್ ಬೆಂಗಳೂರಿನಲ್ಲೇ ಇದೆ ಎಂದು ಹೇಳಿ. ಮಾಹಿತಿ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ತಲೆಯೊಂದು ಗಣಿತವನ್ನು ಬಿಟ್ಟುಹೋಗಬಾರದು. ಅದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.